ದಫ್ತರಕ್ಕೆ ಹೋಗುವ ಮುಂಚೆ: ಹೆಸರು ಕೇಳಬ್ಯಾಡ್ರಿ, ನಂಬರು ಕೇಳ್ರಿ

(ಕಲ್ಮಲದಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆದು ಕೊಡಿ ಅಂತ ಹಲವರು ಕೇಳಿದ್ದರಿಂದ ಇಲ್ಲಿ ಹಾಕಿದ್ದೇವೆ.)



ರಾಯಚೂರು, ಮಾನ್ವಿ, ದೇವದುರ್ಗದ ಹಾಸ್ಟೆಲುಗಳಿಂದ ಬಸ್ಸು ಹಿಡಿದು ಕಲ್ಮಲಕ್ಕೆ ಬಂದಿದ್ದೀರಿ. ಮೊದಲು ಒಂದು ಪ್ರಶ್ನೆ. ನಿಮ್ಮ ತಾತನ ಹೆಸರು ಗೊತ್ತಿದ್ದವರು ಕೈ ಎತ್ರಿ. ಎಲ್ಲಾ ಕೈ ಮೇಲಿವೆ. ತಾತನ ಅಪ್ಪನ ಹೆಸರು? ಅರ್ಧ ಕೈ ಇಳಿದವು. ಅವನ ಅಪ್ಪನ ಹೆಸರು? ಈಗ ಎರಡೋ ಮೂರೋ ಕೈ ಉಳಿದಿವೆ.

ನಿಮ್ಮದೇ ಊರಿನ ಗೌಡರ ಮನೆ ಹುಡುಗನನ್ನ, ಕುಲಕರ್ಣಿ ಮನೆ ಹುಡುಗನನ್ನ ಕೇಳಿ ನೋಡ್ರಿ. ಏಳು ತಲೆಮಾರು ಹೇಳ್ತಾನೆ. ಅವರ ಮನೆಯಲ್ಲಿ ಕಾಗದದ ಗಂಟು ಇದೆ. ವರ್ಷಕ್ಕೊಮ್ಮೆ ಹೆಳವ ಬಂದು ವಂಶ ಓದಿ ಕಾಳು ಕಟ್ಟಿಕೊಂಡು ಹೋಗ್ತಾನೆ. ನಮ್ಮ ತಾತಂದಿರು ಆ ಕಾಗದ ಇಟ್ಟ ಚಾವಡಿಯ ಮೆಟ್ಟಿಲ ಕೆಳಗೆ ನಿಂತವರು. ಅವರ ಬಗ್ಗೆ ಬರೆದರು, ಆದರೆ ಅವರ ಕೈಗೆ ಕೊಡಲಿಲ್ಲ.

ಏಳು ತಲೆಮಾರು ಹೇಳಿ ಮೀಸೆ ತಿರುವೋ ಆಸೆ ನಮಗಿಲ್ಲ. ನಮಗೆ ಬೇಕಾದದ್ದು ಬೇರೆ. ಜಾತಿ ಪ್ರಮಾಣಪತ್ರಕ್ಕೆ ಹೋದರೆ ಹಳೇ ದಾಖಲೆ ತಾ ಅಂತಾರೆ. 371ಜೆ ಸರ್ಟಿಫಿಕೇಟಿಗೆ ಹೋದರೆ ನಿಮ್ಮಪ್ಪ ಎಲ್ಲಿ ಹುಟ್ಟಿದ, ಎಲ್ಲಿ ಓದಿದ ಅಂತಾರೆ. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದು, ಆದಿಕರ್ನಾಟಕ ಅಂದ್ರೆ ಸಾಲದು, ಮೂಲ ಜಾತಿ ಯಾವುದು ಹೇಳಿ ಅಂದಾಗ ಎಷ್ಟೋ ಮನೆಗಳಲ್ಲಿ ಹಿರಿಯರ ಮುಖ ನೋಡಬೇಕಾಯಿತು. ಇನ್ನು ಹೊಲದ ವಿಷಯ. ‘ಆ ಹುಣಸಿಮರದ ಹೊಲ ನಮ್ಮದಿತ್ತಂತೆ’ ಅನ್ನೋ ಮಾತು ಇಲ್ಲದ ಮನೆ ನಮ್ಮ ಕೇರಿಗಳಲ್ಲಿ ಇದೆಯಾ? ಆ ‘ಅಂತೆ’ಯನ್ನು ಕಾಗದದ ಮುಂದೆ ಹಿಡಿದು ನೋಡಬೇಕು. ಅದಕ್ಕೇ ಇವತ್ತಿನ ಮಾತು.

ನಾವು ಮೊದಲ ಸಲ ಹೋದದ್ದು

ನಾವು ಮೂರು ಜನ ಮೊದಲ ಸಲ ಒಂದು ದಾಖಲೆ ಕಚೇರಿಗೆ ಹೋದದ್ದನ್ನ ಮುಚ್ಚಿಡದೆ ಹೇಳ್ತೀವಿ. ಯಾವ ಕಚೇರಿ ಅನ್ನೋದು ಬ್ಯಾಡ. ಬೆಳಗಿನ ಬಸ್ಸಿಗೆ ಹೋಗಿ, ಮುತ್ತಾತನ ಹೆಸರು ಬರೆದ ಒಂದು ಚೀಟಿ ಮುಂದೆ ಇಟ್ಟೆವು. ಅಲ್ಲಿದ್ದವರು ಕೇಳಿದರು: ‘ಯಾವ ಸನ್? ಯಾವ ಇಲಾಖೆ? ಯಾವ ಸರ್ವೆ ನಂಬರ್?’ ನಮ್ಮ ಹತ್ತಿರ ಉತ್ತರ ಇರಲಿಲ್ಲ. ‘ಹೆಸರು ಹೇಳಿದ್ರ ಸಿಗಾಂಗಿಲ್ಲೇನ್ರಿ?’ ಅಂದ್ವಿ. ಅವರು ನಕ್ಕರು. ಸಂಜೆ ಬಸ್ಸಿಗೆ ಊಟವಿಲ್ಲದೆ ವಾಪಸ್ ಬಂದೆವು. ದಾರಿಯುದ್ದಕ್ಕೂ ಬೈದೆವು, ಜಾತಿ ನೋಡಿ ಹಾಗೆ ಮಾಡಿದರು ಅಂತ. ಆ ನಗುವಿನಲ್ಲಿ ಜಾತಿ ಇತ್ತು, ಸುಳ್ಳಲ್ಲ. ಆದರೆ ಬರಿಗೈಯಲ್ಲಿ ಹೋದದ್ದು ನಾವು. ಅವರು ಕೇಳಿದ ಮೂರೂ ಪ್ರಶ್ನೆಗಳು ಸರಿಯಾದ ಪ್ರಶ್ನೆಗಳೇ ಆಗಿದ್ದವು.

ಯಾಕಂದ್ರೆ ದಫ್ತರದಲ್ಲಿ ಕಾಗದ ಕಟ್ಟಿಡುವುದು ಮನುಷ್ಯರ ಹೆಸರಿನ ಮೇಲಲ್ಲ. ಇಲಾಖೆ, ವರ್ಷ, ತಾಲ್ಲೂಕು, ಊರು, ನಂಬರು, ಈ ಕ್ರಮದಲ್ಲಿ ಕಟ್ಟಿಡ್ತಾರೆ. ಹೆಸರಿನ ಪಟ್ಟಿ ಇದ್ದರೂ ಅದರಲ್ಲಿ ಇರೋದು ಜಾಗೀರದಾರರು, ದೇಸಾಯರು. ನಮ್ಮವರ ಹೆಸರು ಬರುವುದು ಅವರ ಕಾಗದದ ಒಳಗೆ, ಹೊಲದ ಕಾಲಮ್ಮಿನಲ್ಲಿ, ಚಾಕರಿಯ ಕಾಲಮ್ಮಿನಲ್ಲಿ. ಅದಕ್ಕೇ ನಮ್ಮ ಮೊದಲ ಪಾಠ: ಹೆಸರು ಕೇಳಬ್ಯಾಡ್ರಿ, ನಂಬರು ಕೇಳ್ರಿ.

ಅಮೆರಿಕದ ಕರಿಯರ ಕಥೆಯೂ ಇದೇ. 1850 ಮತ್ತು 1860ರ ಅಲ್ಲಿನ ಜನಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ ಮಾಡಿದ್ದರು. ಧಣಿಯ ಹೆಸರು ಬರೆದು, ಅವನ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಬರೆದರು. ಹೆಸರು ಇಲ್ಲವೇ ಇಲ್ಲ ಅನ್ನಬಹುದು. ಬಿಡುಗಡೆ ಆದ ಮೇಲೆ 1870ರ ಗಣತಿಯಲ್ಲೇ ಆ ಜನರ ಹೆಸರು ಬಂದದ್ದು. ಅದರ ಹಿಂದಕ್ಕೆ ಹೋಗಬೇಕಾದ ಮೊಮ್ಮಕ್ಕಳು ಧಣಿಗಳ ಉಯಿಲು, ಲೆಕ್ಕಪುಸ್ತಕ ತೆಗೆದು ಹುಡುಕುತ್ತಾರೆ. ನಾವೂ ಧಣಿಯ ಕಾಗದದಲ್ಲೇ ನಮ್ಮವರನ್ನ ಹುಡುಕಬೇಕು.

ನಮ್ಮ ಜನಗಣತಿಯಲ್ಲಿ ತಾತನ ಹೆಸರು ಸಿಗ್ತದಾ ಅಂತ ಒಬ್ಬ ತಮ್ಮ ಕೇಳಿದ. ಸಿಗೋದಿಲ್ಲ. 1948ರ ಜನಗಣತಿ ಕಾಯಿದೆಯ 15ನೇ ಕಲಮಿನ ಪ್ರಕಾರ ಮನೆಮನೆಯ ವಿವರ ಯಾರಿಗೂ ತೋರಿಸುವಂತಿಲ್ಲ. ಅಚ್ಚಾದ ವರದಿಗಳಲ್ಲಿ ಲೆಕ್ಕ ಮಾತ್ರ ಸಿಗ್ತದೆ. ಆ ಲೆಕ್ಕದಲ್ಲೂ ಒಂದು ಮಾತಿದೆ: ಭಾಗ್ಯರೆಡ್ಡಿ ವರ್ಮ ಅವರ ಹೋರಾಟದಿಂದ ಹೈದರಾಬಾದ್ ಸಂಸ್ಥಾನದ 1931ರ ಗಣತಿಯಲ್ಲಿ ‘ಆದಿಹಿಂದೂ’ ಅನ್ನೋ ಹೆಸರು ಬಂತು. ಹಾಗಾಗಿ ಒಂದು ವರ್ಷದ ಕಾಗದದಲ್ಲಿ ಕಂಡ ಜಾತಿ ಹೆಸರು ಇನ್ನೊಂದು ವರ್ಷದ್ದರಲ್ಲಿ ಕಾಣದಿದ್ದರೆ ಗಾಬರಿ ಆಗಬ್ಯಾಡ್ರಿ. ಜನ ಅವರೇ, ಬದಲಾದದ್ದು ಹೆಸರು.

ಮೊದಲ ದಫ್ತರ ಮನೆಯಲ್ಲಿದೆ

ಅಜ್ಜಿಯ ಹತ್ತಿರ ಕುಂತ್ಕೊಳ್ರಿ. ‘ನಮ್ಮ ಇತಿಹಾಸ ಹೇಳಜ್ಜಿ’ ಅಂದ್ರೆ ‘ನಮಗೇನು ಇತಿಹಾಸ ಅದ ಮಗಾ, ದುಡದೀವಿ, ಸತ್ತೀವಿ’ ಅಂತಾಳೆ. ಹಾಗೆ ಕೇಳಬ್ಯಾಡ್ರಿ. ಸಣ್ಣ ಸಣ್ಣದಾಗಿ ಕೇಳ್ರಿ. ನಾವು ಮನೆದೇವರಿಗೆ ಯಾವ ಊರಿಗೆ ಹೋಗ್ತೀವಿ? ಆ ಊರಿನಿಂದ ಇಲ್ಲಿಗೆ ಬಂದವರು ಯಾರು, ಯಾವ ಬರಗಾಲದಲ್ಲಿ? ತಾತ ಯಾರ ಹೊಲದಲ್ಲಿ ಜೀತ ಇದ್ದ? ಊರ ಚಾಕರಿ ಯಾವುದು ಮಾಡಿದ: ತಳವಾರಿಕೆಯಾ, ಕೆರೆ ನೀರು ಬಿಡೋ ನೀರಡಿಯಾ, ಸೇತಸಿಂದಿಯಾ, ಸತ್ತ ದನ ಎಳೆಯೋದಾ? ಅದಕ್ಕೆ ಆಯ ಕೊಡ್ತಿದ್ರಾ, ಹೊಲ ಬಿಟ್ಟಿದ್ರಾ? ಆ ಹೊಲದ ನಾಲ್ಕು ದಿಕ್ಕಿಗೆ ಯಾರ ಹೊಲ? ಆಕೆ ‘ಮೂಡಲಕ್ಕೆ ಹಳ್ಳ, ಪಡುವಲಕ್ಕೆ ಮಾಲಿಪಾಟೀಲರ ಹೊಲ’ ಅಂದ ಕೂಡಲೇ ನಿಮಗೆ ದಾರಿ ಸಿಕ್ಕಿತು ಅಂತ ತಿಳೀರಿ. ಗ್ರಾಮ ನಕ್ಷೆ ಮುಂದಿಟ್ಟುಕೊಂಡು ಆ ಹಳ್ಳದ ಪಕ್ಕದ ಸರ್ವೆ ನಂಬರು ತೆಗೀಬಹುದು.

ವಯಸ್ಸು ಕೇಳಿದರೆ ಗೊತ್ತಿಲ್ಲ ಅಂತಾರೆ. ‘ರಜಾಕಾರರ ಗಲಾಟೆ ಆದಾಗ ನೀನು ಎಷ್ಟಿದ್ದಿ’ ಅಂತ ಕೇಳ್ರಿ. ಆಗಿನ ಮಕ್ಕಳು ಈಗ ಬಹಳ ಉಳಿದಿಲ್ಲ. ಉಳಿದವರು ‘ನಮ್ಮವ್ವ ಎತ್ತಿಕೊಂಡು ಓಡಿದ್ಲು’ ಅಂದ್ರೆ 1948ರ ಸುಮಾರಿಗೆ ಕೂಸು ಅಂತ ಬರೀರಿ.

ಮಾದಿಗೇರಿಗೆ ದಕ್ಕಲಿಗರು ಬರ್ತಾರೆ, ಜಾಂಬಪುರಾಣ ಹೇಳ್ತಾರೆ. ಮನೆತನಗಳ ನೆನಪು ಅವರ ಬಾಯಲ್ಲಿ ಇರ್ತದೆ. ಅವರನ್ನ ಕೇಳ್ರಿ. ನಮ್ಮನ್ನ ಊರ ಹೊರಗೆ ಇಟ್ಟರು ಅಂತ ಭಾಷಣ ಮಾಡೋ ನಾವು ಅವರನ್ನ ಕೇರಿಯ ಹೊರಗೆ ಕೂಡಿಸಿದ್ದೀವಿ. ಅದನ್ನೂ ನೆನಪಿಟ್ಟು, ಪಕ್ಕದಲ್ಲಿ ಕೂಡಿಸಿಕೊಂಡು ಕೇಳ್ರಿ.

ಊರು ಯಾರದಿತ್ತು?

ಇದು ಎರಡನೇ ಪಾಠ. ರಾಯಚೂರು ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಡುವೆ 1853ರಿಂದ 1860ರ ತನಕ ಕೃಷ್ಣಾ ತುಂಗಭದ್ರಾ ನಡುವಿನ ಈ ದೋಆಬು ಇಂಗ್ಲಿಷರ ಕೈಯಲ್ಲಿತ್ತು, ಆಮೇಲೆ ನಿಜಾಮರಿಗೆ ವಾಪಸ್ ಹೋಯಿತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅಂದ್ರೆ ನಿಮ್ಮ ತಾತ ಒಂದೇ ಗುಡಿಸಲಲ್ಲಿ ಇದ್ದುಕೊಂಡೇ ಎರಡು ಮೂರು ಸರ್ಕಾರ ನೋಡಿದ. ಅವನ ಕಾಗದಗಳು ಮಾತ್ರ ಬೇರೆ ಬೇರೆ ಊರಿಗೆ ಹೋದವು.

ನಿಜಾಮರ ಕಾಲದಲ್ಲೂ ಎಲ್ಲಾ ಊರು ಒಂದೇ ಅಲ್ಲ. ಕೆಲವು ದಿವಾನಿ, ಅಂದ್ರೆ ನೇರ ಸರ್ಕಾರದ್ದು. ಕೆಲವು ಸರ್ಫೇಖಾಸ್, ನಿಜಾಮರ ಸ್ವಂತದ್ದು. ಕೆಲವು ಪಾಯಗಾ, ಕೆಲವು ಜಾಗೀರು, ಕೆಲವು ಸಂಸ್ಥಾನದ್ದು. 1949ರ ಆಗಸ್ಟಿನಲ್ಲಿ ಜಾಗೀರು ರದ್ದಾಗುವ ತನಕ ಜಾಗೀರಿನ ಊರಿನ ಲೆಕ್ಕ ಬೇರೆಯೇ. ಊರಿನ ಹಿರಿಯರನ್ನ ‘ಆಗ ಪಟ್ಟಿ ಯಾರಿಗೆ ಕಟ್ತಿದ್ರಿ’ ಅಂತ ಕೇಳಿದ್ರೆ ಗೊತ್ತಾಗ್ತದೆ. ಈ ಒಂದು ಉತ್ತರ ಇಲ್ಲದೆ ಹೋದರೆ ಒಂದು ವಾರ ಬೇರೆ ಇಲಾಖೆಯ ಕಟ್ಟು ಬಿಚ್ಚುತ್ತಾ ಕೂಡಬೇಕಾಗ್ತದೆ.

ಮೂರನೇದು ಸನ್. ಹಳೇ ಕಾಗದದಲ್ಲಿ 1345 ಅಂತ ಇದ್ದರೆ ಅದು ಫಸಲಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಆರಂಭಕ್ಕೆ, ಆಜೂರ್ ತಿಂಗಳಿಂದ ಶುರು. 590 ಕೂಡಿಸ್ರಿ, ಶುರುವಾದ ಇಸವಿ ಬರ್ತದೆ. 1345 ಅಂದ್ರೆ 1935ರ ಅಕ್ಟೋಬರಿನಿಂದ 1936ರ ಅಕ್ಟೋಬರಿನ ತನಕ. ಹೊಸ ವರ್ಷದ ಜನವರಿ ದಾಟಿದ ತಾರೀಖಾದರೆ 591 ಕೂಡಿಸಬೇಕು. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ರಿ.

ಹತ್ತಿರದ್ದು ಮೊದಲು

ಹೈದರಾಬಾದಿನ ಬಸ್ಸು ಹತ್ತೋ ಮುಂಚೆ ತಾಲ್ಲೂಕು ಕಚೇರಿ ನೋಡ್ರಿ. ಕಂಪ್ಯೂಟರಿನ ಪಹಣಿ ಇತ್ತೀಚಿನದು. ಅದರಲ್ಲಿರುವ ಸರ್ವೆ ನಂಬರು ಹಿಡಿದು ಹಿಂದಕ್ಕೆ ನಡೀಬೇಕು: ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರು, ಕೊನೆಗೆ 1954-55ರ ಖಾಸ್ರಾ ಪಹಣಿ. ನಮ್ಮ ಭಾಗದವರಿಗೆ ಈ ಖಾಸ್ರಾ ಪಹಣಿ ಬಹಳ ಮುಖ್ಯ. ಪಟ್ಟಾದಾರ ಯಾರು, ಹೊಲ ಯಾರ ಕಬ್ಜಾದಲ್ಲಿತ್ತು, ಎರಡೂ ಅದರಲ್ಲಿ ನೋಡಬಹುದು. ಪಟ್ಟಾ ಒಬ್ಬನದು, ಬೆವರು ಇನ್ನೊಬ್ಬನದು ಅನ್ನೋದು ಅಲ್ಲಿ ಕಣ್ಣಿಗೆ ಕಾಣ್ತದೆ. ಅದರ ಹಿಂದಿನದು ಸೇತ್ವಾರ್, ಸರ್ವೆ ಆದಾಗ ನಂಬರುವಾರು ಮಾಡಿದ ರಿಜಿಸ್ಟರು. ಟಿಪ್ಪಣಿ, ಆಕಾರ್‌ಬಂದ್ ಸರ್ವೆ ಇಲಾಖೆಯಲ್ಲಿ ಕೇಳಬೇಕು. ಹಳೇ ಕಡತಗಳನ್ನ ಸ್ಕ್ಯಾನ್ ಮಾಡೋ ‘ಭೂ ಸುರಕ್ಷಾ’ ಕೆಲಸ ನಡೆದಿದೆ, ನಿಮ್ಮ ಊರಿನದು ಆಗಿದೆಯಾ ಅಂತ ಮೊದಲೇ ವಿಚಾರಿಸ್ರಿ.

ಶಾಲೆಯ ದಾಖಲಾತಿ ರಿಜಿಸ್ಟರು ಮರೀಬ್ಯಾಡ್ರಿ. ಕೇರಿಯಿಂದ ಮೊದಲು ಶಾಲೆಗೆ ಹೋದವನ ಹೆಸರು, ಅಪ್ಪನ ಹೆಸರು, ಜಾತಿ, ಹುಟ್ಟಿದ ತಾರೀಖು ಒಂದೇ ಸಾಲಿನಲ್ಲಿ ಸಿಗೋದು ಅಲ್ಲೇ. ಜಾತಿ ಪ್ರಮಾಣಪತ್ರದ ಜಗಳದಲ್ಲಿ ಆ ಒಂದು ಸಾಲು ಒಂದು ಕೋಟೆ ಇದ್ದಂಗ.

ಕೊಡೋದಿಲ್ಲ ಅಂದ್ರೆ ಜಗಳಕ್ಕೆ ನಿಲ್ಲಬ್ಯಾಡ್ರಿ, ಅರ್ಜಿ ಹಾಕ್ರಿ. 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅದಕ್ಕೇ ಅಜ್ಜನ ಕಥೆ ಬರೀಬ್ಯಾಡ್ರಿ. ‘ಇಂಥ ಗ್ರಾಮದ ಇಂಥ ಸರ್ವೆ ನಂಬರಿನ 1954-55ರ ಖಾಸ್ರಾ ಪಹಣಿಯ ದೃಢೀಕೃತ ನಕಲು’ ಅಂತ ಒಂದೇ ವಾಕ್ಯ ಸಾಕು.

ದೂರದ ದಫ್ತರ

ಇಲ್ಲಿ ಸಿಗದಿದ್ದರೆ ಮುಂದಿನ ಹೆಜ್ಜೆ. ಕರ್ನಾಟಕ ರಾಜ್ಯ ಪತ್ರಾಗಾರ ಬೆಂಗಳೂರಿನ ವಿಧಾನಸೌಧದಲ್ಲಿದೆ, ಅದರ ವಿಭಾಗೀಯ ಕಚೇರಿ ನಮ್ಮ ಕಲಬುರಗಿಯಲ್ಲೂ ಇದೆ. ನಿಜಾಮರ ಕಾಲದ ದೊಡ್ಡ ಗಂಟು ಇರೋದು ಹೈದರಾಬಾದಿನ ತಾರ್ನಾಕದ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ. ಇಂಗ್ಲಿಷರ ಹೈದರಾಬಾದ್ ರೆಸಿಡೆನ್ಸಿಯ ಕಾಗದಗಳು ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಅವರ ಪಟ್ಟಿಯನ್ನ ‘ಅಭಿಲೇಖ ಪಟಲ್’ ಅನ್ನೋ ಜಾಲತಾಣದಲ್ಲಿ ಹಾಸ್ಟೆಲಿನಲ್ಲೇ ಕುಂತು ಹುಡುಕಬಹುದು.

ಹೋಗುವ ಮುಂಚೆ ಕಾಗದ ಬರೀರಿ ಅಥವಾ ಫೋನ್ ಮಾಡ್ರಿ. ಇಂಥ ತಾಲ್ಲೂಕು, ಇಂಥ ಊರು, ಇಷ್ಟನೇ ಫಸಲಿಯಿಂದ ಇಷ್ಟನೇ ಫಸಲಿ, ಇನಾಂ ಅಥವಾ ಮಾಲಗುಜಾರಿ ಕಾಗದ ಇವೆಯಾ, ಓದಲು ಏನು ಅನುಮತಿ ಬೇಕು, ನಕಲಿಗೆ ಎಷ್ಟು ಅಂತ ಕೇಳ್ರಿ. ಕಾಲೇಜಿನ ಪ್ರಿನ್ಸಿಪಾಲರ ಪತ್ರ, ಗುರುತಿನ ಚೀಟಿ, ಆಧಾರ್ ನಕಲು, ಎರಡು ಫೋಟೋ ಇಟ್ಟುಕೊಳ್ರಿ. ರಜಾದಿನ ನೋಡಿಕೊಳ್ರಿ, ನಮ್ಮ ರಾಜ್ಯದಲ್ಲಿ ಎರಡನೇ, ನಾಲ್ಕನೇ ಶನಿವಾರ ಕಚೇರಿ ಇರೋದಿಲ್ಲ.

ಭಾಷೆ ದೊಡ್ಡ ಗೋಡೆ. ಹಳೇವು ಫಾರಸಿಯಲ್ಲಿ, 1880ರ ದಶಕದಿಂದ ಈಚಿನವು ಉರ್ದುವಿನಲ್ಲಿ. ಅದೂ ಶಿಕಸ್ತಾ ಅನ್ನೋ ಓಡುಬರಹ. ಆ ಲಿಪಿಯಲ್ಲಿ ಸಣ್ಣ ಸ್ವರಗಳನ್ನ ಬರೆಯೋದಿಲ್ಲ. ಕಲ್ಮಲ ಅನ್ನೋದು ಕ-ಲ-ಮ-ಲ ಅಂತ ನಾಲ್ಕೇ ಅಕ್ಷರ. ಊರು ಗೊತ್ತಿಲ್ಲದವನು ಅದನ್ನ ಹೇಗೆ ಬೇಕಾದರೂ ಓದಬಹುದು. ಳ ಇಲ್ಲ, ಣ ಇಲ್ಲ. ನಿಮ್ಮ ಊರು, ತಾಲ್ಲೂಕು, ತಾತನ ಹೆಸರು ಉರ್ದುವಿನಲ್ಲಿ ಬರೆಸಿದ ಒಂದು ಚೀಟಿ ಇಟ್ಟುಕೊಳ್ರಿ. ಓದಲು ಬಾರದಿದ್ದರೂ ಆ ಆಕಾರವನ್ನ ಕಣ್ಣು ಹಿಡೀತದೆ. ಇನ್ನೂ ಒಳ್ಳೇದು, ಉರ್ದು ಓದಿದ ಮುಸ್ಲಿಂ ಗೆಳೆಯನನ್ನ ಜೊತೆಗೆ ಕರಕೊಂಡು ಹೋಗ್ರಿ. ರಾಯಚೂರಿನಲ್ಲಿ ಅಂಥವರಿಗೆ ಬರ ಇಲ್ಲ. ನಮ್ಮ ತಾತನ ಹೆಸರನ್ನ ಮೊದಲು ಓದಿ ಹೇಳಿದವನು ಅಂಥ ಒಬ್ಬ ಗೆಳೆಯನೇ.

ಮೂರು ಜನ ಹೋಗ್ರಿ: ಒಬ್ಬ ಮಾತಾಡೋನು, ಒಬ್ಬ ಓದೋನು, ಒಬ್ಬ ಬರೆಯೋನು. ಪೆನ್ಸಿಲ್ ಇರಲಿ, ಶಾಯಿ ಒಳಗೆ ಬಿಡೋದಿಲ್ಲ. ಕೈ ಒಣಗಿರಲಿ. ಕಟ್ಟು ಬಿಚ್ಚಿದ ಕ್ರಮದಲ್ಲೇ ಕಟ್ರಿ. ಕೇಳದೆ ಫೋಟೋ ಹೊಡೀಬ್ಯಾಡ್ರಿ. ಕಾಗದ ಓದೋ ಮುಂಚೆ ಅದರ ಇಲಾಖೆ, ಕಟ್ಟಿನ ನಂಬರು, ಕಡತದ ನಂಬರು, ಪುಟ ಬರಕೊಳ್ರಿ. ನಂಬರಿಲ್ಲದ ನಕಲು ನಾಳೆ ಯಾವ ಕಚೇರಿಯಲ್ಲೂ ನಡೆಯೋದಿಲ್ಲ. ಮೊದಲ ದಿನ ತಾತ ಸಿಗೋದಿಲ್ಲ. ಮೊದಲ ದಿನದ ಕೆಲಸ ಪಟ್ಟಿ ಓದೋದು, ನಮ್ಮ ತಾಲ್ಲೂಕಿನ ಕಟ್ಟು ಯಾವುದು ಅಂತ ಗುರುತು ಮಾಡೋದು. ಅಷ್ಟು ಆದರೆ ಹೋದದ್ದು ಸಾರ್ಥಕ.

ಒಂದಕ್ಕೆ ಗಟ್ಟಿಯಾಗಿ ಹೋಗ್ರಿ. ಆ ಕಾಗದದಲ್ಲಿ ನಮ್ಮನ್ನ ಮರ್ಯಾದೆಯಿಂದ ಬರೆದಿಲ್ಲ. ‘ಢೇಡ್’ ಅಂತ, ‘ಬೇಗಾರಿ’ ಅಂತ ಬರೆದಿರ್ತಾರೆ. ಯಲ್ಲಪ್ಪನನ್ನ ಯಲ್ಲ್ಯಾ ಮಾಡಿರ್ತಾರೆ. ಹುಡುಕೋವಾಗ ಯಲ್ಲಪ್ಪನ ಜೊತೆ ಯಲ್ಲ್ಯಾನನ್ನೂ ಹುಡುಕಬೇಕು. ಬರಕೊಳ್ಳುವಾಗ ಇದ್ದದ್ದನ್ನ ಇದ್ದಂಗೇ ಬರಕೊಳ್ರಿ, ತಿದ್ದಬ್ಯಾಡ್ರಿ. ಆ ಬೈಗುಳವೂ ಸಾಕ್ಷಿ.

ನಮಗೆ ಸಿಕ್ಕದ್ದು

ನಾವು ಎರಡನೇ ಸಲ ತಯಾರಾಗಿ ಹೋದೆವು. ಹಳ್ಳದ ಪಕ್ಕದ ನಂಬರು ಹಿಡಿದು ಹೋದೆವು, ಆ ಸಾಲು ಸಿಕ್ಕಿತು. ಮುತ್ತಾತನ ಹೆಸರು ಇತ್ತು. ನಮ್ಮ ಆಸೆ ಏನಿತ್ತಂದ್ರೆ ಅದು ಲಾವಣಿ ಪಟ್ಟಾ ಆಗಿರಲಿ ಅಂತ. ಹಾಡೋ ಲಾವಣಿ ಅಲ್ಲ, ಸರ್ಕಾರಿ ಜಮೀನನ್ನ ಸಾಗುವಳಿಗೆ ಕೊಟ್ಟ ಪಟ್ಟಾ. ಅದಾಗಿದ್ದರೆ ನಮ್ಮ 1978ರ ಪಿಟಿಸಿಎಲ್ ಕಾಯಿದೆಯಲ್ಲಿ ಸಹಾಯಕ ಆಯುಕ್ತರ ಮುಂದೆ ಅರ್ಜಿ ಹಾಕಬಹುದಿತ್ತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಷರತ್ತು ಮುರಿದು ಕೊಂಡಿದ್ದರೆ ಆ ವ್ಯವಹಾರ ಬಿದ್ದುಹೋಗ್ತದೆ ಅಂತ ಆ ಕಾಯಿದೆ ಹೇಳ್ತದೆ. ತಡವಾಗಿ ಬಂದಿರಿ ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಬಹಳ ಅರ್ಜಿಗಳು ಬಿದ್ದವು. ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಬಂತು, ಅದರ ಅರ್ಥದ ಮೇಲೂ ಕೋರ್ಟಿನಲ್ಲಿ ವಾದ ನಡೆದಿವೆ.

ಆದರೆ ನಮ್ಮ ಕಾಗದ ಬೇರೆ ಮಾತು ಹೇಳಿತು. ಮಂಜೂರಿ ಅಲ್ಲ, ಚಾಕರಿ ಇನಾಂ ಅಂತ ಇತ್ತು. ವಂಶಪಾರಂಪರ್ಯ ಹುದ್ದೆಯ ಜಮೀನನ್ನ ಪಿಟಿಸಿಎಲ್ ಕಾಯಿದೆ ತನ್ನ ಹೊರಗೆ ಇಟ್ಟಿದೆ. ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯ ದಾರಿ ಬೇರೆ. ಅದು 1963ರ ಫೆಬ್ರವರಿ 1ರಿಂದ ಜಾರಿ. ಆ ದಿನದ ನಂತರ ಮರುಮಂಜೂರಿಗೆ ನಮ್ಮ ತಾತ ಅರ್ಜಿ ಹಾಕಬೇಕಿತ್ತು. ಯಾರೂ ಹೇಳಲಿಲ್ಲ, ಅವನಿಗೆ ಓದಲು ಬರುತ್ತಿರಲಿಲ್ಲ. ಹೇಳಬೇಕಾದ ಪಟವಾರಿಯ ಮನೆಯ ದನ ಆ ಹೊಲದಲ್ಲೇ ಮೇಯುತ್ತಿತ್ತು.

ನಿರಾಸೆ ಆಯಿತು. ಆದರೆ ಇನ್ನೊಂದು ತಿಳಿಯಿತು. ಮನೆಯಲ್ಲಿ ಎಲ್ಲರೂ ‘ಗೌಡರು ದಯದಿಂದ ಬಿಟ್ಟಿದ್ದ ಹೊಲ’ ಅಂತಿದ್ದರು. ದಯ ಅಲ್ಲ, ಅದು ಕೂಲಿ. ಹಗಲು ರಾತ್ರಿ ಊರು ಕಾಯ್ದದ್ದಕ್ಕೆ, ಹೊರೆ ಹೊತ್ತದ್ದಕ್ಕೆ, ಕರೆದಾಗ ಓಡಿದ್ದಕ್ಕೆ ಕೊಟ್ಟ ಕಡಿಮೆ ಕೂಲಿ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ಕಾನೂನು ತಿದ್ದಲು ಮಸೂದೆ ತಂದದ್ದು ಇದೇ ಕಾರಣಕ್ಕೆ. ತುಂಡು ಹೊಲ ತೋರಿಸಿ ಇಡೀ ಕೇರಿಯನ್ನ ಚಾಕರಿಗೆ ಕಟ್ಟಿಹಾಕೋ ವ್ಯವಸ್ಥೆ ಅದು. ಆ ಕಾಗದವನ್ನ ಮನೆಗೆ ತಂದು ಓದಿದ ದಿನದಿಂದ ನಮ್ಮ ಅಜ್ಜಿ ‘ದಯ’ ಅನ್ನೋ ಮಾತು ಆಡಿಲ್ಲ.

ಇನ್ನೊಂದು ಮಾತು, ಮೆಲ್ಲಗೆ ಹೇಳ್ತೀವಿ. ದೇವದಾಸಿ ಪದ್ಧತಿ ಹೊಕ್ಕ ಮನೆಗಳು ನಮ್ಮಲ್ಲಿ ಕಮ್ಮಿ ಇಲ್ಲ. 1982ರಲ್ಲೇ ನಿಷೇಧ ಕಾಯಿದೆ ಬಂತು. ಆ ಮನೆಗಳ ಮಕ್ಕಳು ವಂಶ ಬರೆಯೋವಾಗ ಅಪ್ಪನ ಕಾಲಮ್ಮಿನ ಮುಂದೆ ಪೆನ್ಸಿಲ್ ನಿಲ್ಲಿಸ್ತಾರೆ. ನಿಲ್ಲಿಸಬ್ಯಾಡ್ರಿ. ಅವ್ವ, ಅವ್ವನ ಅವ್ವ, ಆಕೆಯ ಅವ್ವ ಅಂತ ಬರೀರಿ. ಅದೂ ವಂಶವೇ. ಆದರೆ ಅವರು ಹೇಳದ್ದನ್ನ ಕೆದಕಿ ಕೇಳಬ್ಯಾಡ್ರಿ. ದಫ್ತರಕ್ಕಿಂತ ಅವ್ವ ದೊಡ್ಡಾಕೆ.

ಕೊನೆಗೆ ಎಚ್ಚರಿಕೆ. ಅಸಲು ಕಾಗದ ಯಾರ ಕೈಗೂ ಕೊಡಬ್ಯಾಡ್ರಿ, ನಕಲು ಕೊಡ್ರಿ. ದಲ್ಲಾಳಿಗೆ ರೊಕ್ಕ ಕೊಡಬ್ಯಾಡ್ರಿ. ಕಾಗದ ಸಿಕ್ಕ ಸಂಜೆಯೇ ಊರಿಗೆ ಹೋಗಿ ಕಟ್ಟೆ ಮೇಲೆ ಕೂಗಬ್ಯಾಡ್ರಿ. ಅಲ್ಲಿ ಉಳಿಯೋದು ನಿಮ್ಮ ಅವ್ವ ಅಪ್ಪ. ಮೊದಲು ಸಂಘಟನೆಯ ಹಿರಿಯರ ಮುಂದೆ, ಬಲ್ಲ ವಕೀಲರ ಮುಂದೆ ಇಡ್ರಿ.

ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ಕು ಶುರು ಮಾಡ್ರಿ. ಎಡಗಡೆ ಅಜ್ಜಿ ಹೇಳಿದ್ದು, ಬಲಗಡೆ ಕಾಗದ ಹೇಳಿದ್ದು. ಎರಡೂ ಹೊಂದದಿದ್ದರೆ ಯಾವುದನ್ನೂ ಅಳಿಸಬ್ಯಾಡ್ರಿ. ಒಬ್ಬ ಹುಡುಕಿದ ಕಟ್ಟಿನ ನಂಬರು ಪಕ್ಕದ ಊರಿನ ಇನ್ನೊಬ್ಬನಿಗೆ ದಾರಿ. ಈ ದಸರಾ ರಜೆಗೆ ಊರಿಗೆ ಹೋದಾಗ ಮೊದಲ ಪುಟ ತುಂಬಿಸಿಕೊಂಡು ಬರ್ರಿ: ಊರು, ಊರು ಯಾರದಿತ್ತು, ತಾತನ ಚಾಕರಿ, ಹೊಲದ ನಾಲ್ಕು ದಿಕ್ಕು. ನಾಲ್ಕೇ ಸಾಲು. ಮುಂದಿನ ಸಲ ಸೇರಿದಾಗ ಅದನ್ನ ನೋಡಿ, ಯಾರ್ಯಾರು ಯಾವ ದಫ್ತರಕ್ಕೆ ಹೋಗೋದು ಅಂತ ಇಲ್ಲೇ ಕುಂತು ಗೊತ್ತು ಮಾಡೋಣ.

ಜೈಭೀಮ್.